ಬಾರ್ ಬೀಳುವ ಸದ್ದು

ಬೆಳಗಿನ ಆರು ಗಂಟೆಗೆ ಕಂಠೀರವ ಕ್ರೀಡಾಂಗಣದಲ್ಲಿ ಮಾತು ಕಡಿಮೆ, ಸದ್ದು ಹೆಚ್ಚು. ಸ್ಪೈಕ್ಸ್ ತೊಟ್ಟ ಕಾಲುಗಳು ಟ್ರ್ಯಾಕನ್ನು ಕಚ್ಚಿ ಬಿಡುವ ಚರಚರ, ಹರ್ಡಲ್‌ಗಳನ್ನು ಎಳೆದು ಸಾಲಾಗಿ ನಿಲ್ಲಿಸುವ ಕರಕರ, ಎಲ್ಲೋ ಒಂದು ಸೀಟಿ, ಆಚೆ ತುದಿಯಲ್ಲಿ ಕಬ್ಬಿಣದ ಗುಂಡು ನೆಲಕ್ಕೆ ದೊಪ್ಪನೆ ಬಿದ್ದ ಶಬ್ದ. ಹಿಂದೆ ಸಂಪಂಗಿ ಕೆರೆ ಇದ್ದ ಜಾಗ ಇದು. ಪಕ್ಕದ ಕಬ್ಬನ್ ಪಾರ್ಕಿನ ಮರಗಳಿಂದ ಇಳಿದ ತಂಪು ಬಿಸಿಲೇರುವ ತನಕ ಗ್ಯಾಲರಿಗಳ ನಡುವೆಯೇ ಉಳಿದಿರುತ್ತದೆ.

ಟ್ರ್ಯಾಕಿನ ತಿರುವಿನ ಒಳಗೆ, ಎತ್ತರ ಜಿಗಿತದ ಜಾಗದಲ್ಲಿ, ಇಬ್ಬರು ಹುಡುಗರು ಮ್ಯಾಟ್ ಮೇಲಿನ ಟಾರ್ಪಾಲು ತೆಗೆಯುತ್ತಿದ್ದಾರೆ. ರಾತ್ರಿಯ ಮಳೆನೀರು ಅದರ ಮಡಿಕೆಗಳಲ್ಲಿ ನಿಂತಿದೆ. ಒಂದು ತುದಿ ಎತ್ತಿದ್ದೇ ತಡ, ಅಷ್ಟೂ ನೀರು ಒಬ್ಬನ ಕಾಲ ಮೇಲೆ ಸುರಿಯಿತು. ಸುತ್ತ ಇದ್ದವರೆಲ್ಲ ನಕ್ಕರು. ನಗದೆ ನಿಂತವಳು ಒಬ್ಬಳೇ. ಅವಳ ಕಣ್ಣು ಇನ್ನೂ ಕಂಬಕ್ಕೇರದೆ ಹುಲ್ಲಿನ ಮೇಲೆ ಮಲಗಿರುವ ಬಾರ್ ಮೇಲಿತ್ತು.

ಹದಿನೈದರ ಹುಡುಗಿ. ಸಕಲೇಶಪುರದ ಕಡೆಯವಳು, ಕ್ರೀಡಾ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಹೋದ ವರ್ಷ 1.52 ಮೀಟರ್ ಹಾರಿ ಪದಕ ತಂದಿದ್ದಳು. ಕಳೆದ ಕೂಟದಲ್ಲಿ ಶುರುವಿನ ಎತ್ತರ 1.40 ಇತ್ತು. ಅದನ್ನೇ ಮೂರು ಸಲ ಕೆಡವಿದಳು. ಫಲಿತಾಂಶದ ಹಾಳೆಯಲ್ಲಿ ಹೆಸರಿನ ಮುಂದೆ ಅಂಕಿಯೇ ಬರಲಿಲ್ಲ. ಆಮೇಲಿಂದ ಬೇರೆ ಯಾರೇ ಬಾರ್ ಕೆಡವಿದರೂ ಆ ಸದ್ದಿಗೆ ಇವಳ ಭುಜ ಸೆಟೆದುಕೊಳ್ಳುತ್ತದೆ.

ಆ ಸದ್ದನ್ನು ಹತ್ತಿರದಿಂದ ಕೇಳಿದವರಿಗೆ ಅವಳ ಕಷ್ಟ ಅರ್ಥವಾಗುತ್ತದೆ. ನಾಲ್ಕು ಮೀಟರ್ ಉದ್ದದ ಫೈಬರ್‌ಗ್ಲಾಸ್ ಕೋಲು; ತೂಕ ಎರಡು ಕಿಲೋ ದಾಟುವಂತಿಲ್ಲ. ಎರಡು ಕಂಬಗಳ ಪುಟ್ಟ ಆಸರೆಗಳ ಮೇಲೆ ಅದನ್ನು ಸುಮ್ಮನೆ ಇಟ್ಟಿರುತ್ತಾರೆ, ಕಟ್ಟಿರುವುದಿಲ್ಲ. ಸೊಂಟ ಸವರಿದರೂ ಕೆಲವು ಸಲ ನಡುಗಿ, ಹಾಗೇ ನಿಂತುಬಿಡುತ್ತದೆ. ಕೆಲವು ಸಲ ಹಾರಿದವಳು ಮ್ಯಾಟ್ ಮೇಲೆ ಅಂಗಾತ ಬಿದ್ದು, ಉಸಿರು ಹಿಡಿದು ಮೇಲೆ ನೋಡುತ್ತಿರುವಾಗ, ಎಲ್ಲ ಮುಗಿಯಿತು ಅಂದುಕೊಂಡ ಮೇಲೆ, ಜಾರುತ್ತದೆ. ಕಂಬಕ್ಕೆ ಬಡಿದು ಒಂದು ಸದ್ದು, ನೆಲಕ್ಕೆ ಬಡಿದು ಇನ್ನೊಂದು, ಪುಟಿದು ಮತ್ತೊಂದು. ಓಟದಲ್ಲಿ ಸೋತವರ ಸೋಲಿಗೆ ಶಬ್ದವಿರುವುದಿಲ್ಲ. ಇಲ್ಲಿ ಇಡೀ ಮೈದಾನಕ್ಕೆ ಕೇಳಿಸುತ್ತದೆ.

ಈ ಆಟದ ಲೆಕ್ಕವೂ ಬೇರೆಯೇ. ನೂರು ಮೀಟರ್ ಗೆದ್ದವನು ಗೆದ್ದ ಓಟದ ಜೊತೆಗೇ ಮನೆಗೆ ಹೋಗುತ್ತಾನೆ. ಎತ್ತರ ಜಿಗಿತದಲ್ಲಿ ಚಿನ್ನ ಗೆದ್ದವನೂ ಬಾರನ್ನು ಇನ್ನಷ್ಟು ಮೇಲಕ್ಕೆ ಇಡಿಸುತ್ತಾನೆ, ಸಾಮಾನ್ಯವಾಗಿ ಮೂರು ಸಲ ಕೆಡವಿದ ಮೇಲೆಯೇ ಹೊರಗೆ ಬರುತ್ತಾನೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕತಾರಿನ ಮುತಾಜ್ ಬರ್ಷಿಂ ಮತ್ತು ಇಟಲಿಯ ಜಾನ್‌ಮಾರ್ಕೊ ತಂಬೇರಿ 2.37 ಮೀಟರ್ ತನಕ ಒಂದೂ ತಪ್ಪಿಲ್ಲದೆ ಹಾರಿದ್ದರು. 2.39ಕ್ಕೆ ಇಬ್ಬರೂ ಮೂರೂ ಅವಕಾಶ ಕಳೆದುಕೊಂಡರು. ಇಬ್ಬರೂ ಚಿನ್ನ ಹಂಚಿಕೊಂಡದ್ದು, ತಂಬೇರಿ ಬರ್ಷಿಂ ಮೈಮೇಲೆ ಹಾರಿ ಅಪ್ಪಿಕೊಂಡದ್ದು ಎಲ್ಲರಿಗೂ ನೆನಪಿದೆ. ಆ ಸಂತೋಷಕ್ಕೆ ಸ್ವಲ್ಪ ಮುಂಚೆ ಬಾರ್ ಆರು ಸಲ ಬಿದ್ದಿತ್ತು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಎಷ್ಟೇ ದೊಡ್ಡ ಜಿಗಿತಗಾರನ ದಿನವೂ ಬಾರ್ ಬೀಳುವುದರಲ್ಲೇ ಮುಗಿಯುವಾಗ, ‘ನಾನು ಕೆಡವುವುದಿಲ್ಲ’ ಎಂಬ ನಂಬಿಕೆಯ ಮೇಲೆ ಇಲ್ಲಿ ಏನನ್ನೂ ಕಟ್ಟಲಾಗದು. ಕೆಡವಿದ ಮೇಲೂ ಎದ್ದು ಹೋಗಿ ಅದೇ ಗುರುತಿನ ಮೇಲೆ ಅದೇ ಕಾಲು ಇಡಬಲ್ಲೆ ಎಂಬುದನ್ನು ಕಟ್ಟಬಹುದು. ಆತ್ಮವಿಶ್ವಾಸ ಎಂದು ನಾನು ಕರೆಯುವುದು ಅದನ್ನೇ.

ಕೋಚ್ ಬಂದರು. ಮೈಸೂರಿನ ಕಡೆಯ ಹಿರಿಯರು, ಕೈಯಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಸೀಮೆಸುಣ್ಣ.

“ಎಷ್ಟಕ್ಕೆ ಇಡ್ಲಮ್ಮ?”

“ನೀವೇ ಇಡಿ ಸರ್.”

“ಹಾರೋಳು ನೀನು. ನೀನೇ ಹೇಳ್ಬೇಕು.”

ಹುಡುಗಿ ಬಾಯಿ ಬಿಡಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಬಾರನ್ನು ಎತ್ತಿ ಹಿಂದಿನ ಹುಲ್ಲಿನಲ್ಲಿಟ್ಟು, ಚೀಲದಿಂದ ಉದ್ದನೆಯ ಎಲಾಸ್ಟಿಕ್ ಹಗ್ಗ ತೆಗೆದು ಎರಡು ಕಂಬಗಳ ನಡುವೆ ಕಟ್ಟಿದರು. ಎತ್ತರ ಅವಳ ಎದೆಗಿಂತ ಕೆಳಗೆ. ಅದಕ್ಕೆ ಮೈ ತಾಕಿದರೆ ಹಿಗ್ಗುತ್ತದೆ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸದ್ದಿಲ್ಲ, ಬೆನ್ನಿಗೆ ಪೆಟ್ಟಿಲ್ಲ. ಓಟವೂ ಪೂರ್ತಿ ಬೇಡ, ಐದೇ ಹೆಜ್ಜೆ. ಹಿಮ್ಮುಖ ಹಾರುವುದೂ ಬೇಡ, ಶಾಲೆಯಲ್ಲಿ ಮೊದಲು ಕಲಿತ ಕತ್ತರಿ ಜಿಗಿತ ಸಾಕು. ಅವಳು ಹಾರಿದಳು, ಬಂದಳು, ಹಾರಿದಳು, ಬಂದಳು. ಹೀಗೇ ಹತ್ತಾರು ಸಲ. ಗ್ಯಾಲರಿಯಲ್ಲಿ ಕೂತ ಯಾವನೋ ಅಪರಿಚಿತನಿಗೆ ಇದು ಪದಕ ಗೆದ್ದವಳನ್ನು ಮತ್ತೆ ಒಂದನೇ ಕ್ಲಾಸಿಗೆ ಕೂರಿಸಿದ ಹಾಗೆ ಕಂಡಿರಬಹುದು. ಕೋಚ್ ಮಾತ್ರ ಪ್ರತಿ ಜಿಗಿತಕ್ಕೂ ಒಂದೊಂದು ಮಾತು ಹೇಳುತ್ತಿದ್ದರು. “ಈಗ ಕೊನೇ ಹೆಜ್ಜೆ ಬೇಗ ಬಿತ್ತು.” “ಈ ಸಲ ಮಂಡಿ ಚೆನ್ನಾಗಿ ಎದ್ದಿತು.” ‘ಶಭಾಷ್’ ಎಂದು ಒಮ್ಮೆಯೂ ಹೇಳಿದ್ದು ನನಗೆ ಕೇಳಿಸಲಿಲ್ಲ.

ಜಿಗಿತಗಾರರ ಭಯ ಮೊದಲು ಇಣುಕುವುದು ಕೊನೆಯ ಮೂರು ಹೆಜ್ಜೆಗಳಲ್ಲಿ ಎಂದು ಈ ಕೋಚ್ ಹೇಳುತ್ತಾರೆ. ಎಂಟೋ ಹತ್ತೋ ಹೆಜ್ಜೆಯ ಓಟ. ಮೊದಲರ್ಧ ನೇರ, ಆಮೇಲೆ ಬಿಲ್ಲಿನಂತೆ ತಿರುವು. ತಿರುವಿನಲ್ಲಿ ಮೈ ಒಳಕ್ಕೆ ವಾಲಬೇಕು, ವೇಗ ಏರುತ್ತಲೇ ಇರಬೇಕು, ಬಾರಿನಿಂದ ದೂರದ ಕಾಲು ನೆಲ ಒದ್ದು ಆ ವೇಗವನ್ನೆಲ್ಲ ಮೇಲಕ್ಕೆ ತಿರುಗಿಸಬೇಕು. ಮನಸ್ಸಿನಲ್ಲಿ ಅನುಮಾನ ಇದ್ದವಳು ಇಲ್ಲೇ ಬ್ರೇಕ್ ಹಾಕುತ್ತಾಳೆ. ಯಾರಿಗೂ ಕಾಣದಷ್ಟು ಸಣ್ಣ ಬ್ರೇಕ್. ಸೊಂಟ ಕುಸಿಯುತ್ತದೆ, ಮೇಲೆ ಹೋಗುವ ಬದಲು ಬಾರಿನ ಮೇಲೆ ಕುಳಿತ ಹಾಗಾಗುತ್ತದೆ. ಬಾರ್ ಬೀಳುತ್ತದೆ. ಬಿದ್ದದ್ದರಿಂದ ಅನುಮಾನ ಬಲಿಯುತ್ತದೆ. ಮುಂದಿನ ಸಲ ಬ್ರೇಕು ಒಂದು ಹೆಜ್ಜೆ ಮುಂಚೆಯೇ ಬೀಳುತ್ತದೆ.

ಅವಳ ವಿಷಯದಲ್ಲಿ ಇನ್ನೂ ಒಂದು ಸಂಗತಿಯಿತ್ತು. ಕತ್ತರಿ ಜಿಗಿತ ಮುಗಿದ ಮೇಲೆ ಪೂರ್ತಿ ಓಟಕ್ಕೆ ಗುರುತು ಹಾಕಿಕೊಳ್ಳುವಂತೆ ಕೋಚ್ ಹೇಳಿದರು. ಹುಡುಗಿ ಕಂಬದ ಬುಡದಿಂದ ಹಿಮ್ಮಡಿಗೆ ಬೆರಳು ತಾಕಿಸುತ್ತ, ಪಾದಕ್ಕೆ ಪಾದ ಜೋಡಿಸುತ್ತ ಅಳೆಯತೊಡಗಿದಳು. ತುಟಿ ಅಲುಗುತ್ತಿತ್ತು. ಇಷ್ಟು ಪಾದ ಪಕ್ಕಕ್ಕೆ, ಇಷ್ಟು ಪಾದ ಹಿಂದಕ್ಕೆ. ಹೋದ ವರ್ಷ ಬಾಯಿಪಾಠವಾದ ಲೆಕ್ಕ ಅದು. ಅದೇ ಗುರುತಿನಿಂದ ಓಡಿ ಅವಳು ಪದಕ ತಂದಿದ್ದಳು. ಅವಳು ಸೀಮೆಸುಣ್ಣದಲ್ಲಿ ಗೀಟು ಎಳೆದು ನಿಂತಳು. ಕೋಚ್ ಓಡಿಸಿದರು, ಹಾರಬೇಡ ಎಂದರು. ಎರಡು ಸಲ, ಮೂರು ಸಲ. ಕೊನೆಯ ಕಾಲು ಬೀಳುವ ಜಾಗದಲ್ಲಿ ಮಂಡಿಯೂರಿ ಕೂತು ನೋಡಿದರು. ಕಾಲು ಬೀಳಬೇಕಾದ ಜಾಗಕ್ಕಿಂತ ಒಂದು ಗೇಣು ಮುಂದೆ, ಬಾರಿಗೆ ತೀರ ಹತ್ತಿರ, ಬೀಳುತ್ತಿತ್ತು.

“ಬೆಳೆದುಬಿಟ್ಟಿದ್ದೀಯ ಕಣಮ್ಮ,” ಎಂದರು. “ಕಾಲು ಉದ್ದ ಆಗಿದೆ, ಹೆಜ್ಜೆ ದೊಡ್ಡದಾಗಿದೆ. ಗುರುತು ಮಾತ್ರ ಹೋದ ವರ್ಷದ್ದೇ ಇಟ್ಕೊಂಡಿದ್ದೀಯ.”

ಅವಳ ಮುಖ ನೋಡಬೇಕಿತ್ತು. ತಿಂಗಳುಗಟ್ಟಲೆ ಅವಳು ತನ್ನಲ್ಲೇ ಏನೋ ಹಾಳಾಗಿದೆ ಎಂದುಕೊಂಡಿದ್ದಳು. ಹಾಸ್ಟೆಲಿನಲ್ಲಿ ಒಬ್ಬಿಬ್ಬರು ಹಾಗೆಂದೂ ಇದ್ದರು. ಊರಿನಿಂದ ಫೋನ್ ಮಾಡಿದವರು ‘ಹೋದ ವರ್ಷ ಅದೃಷ್ಟ ಇತ್ತು ಬಿಡು’ ಎಂದಿದ್ದರಂತೆ. ನಮ್ಮಲ್ಲಿ ಈ ವಯಸ್ಸಿನ ಹೆಣ್ಣುಮಕ್ಕಳು ಆಟ ಬಿಡುವುದರ ಹಿಂದೆ ಇಂಥ ಮಾತುಗಳ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ. ಮೈ ಬೆಳೆಯುತ್ತದೆ, ತೂಕ ಹಂಚಿಕೆಯಾಗುವ ರೀತಿ ಬದಲಾಗುತ್ತದೆ, ನಿನ್ನೆಯ ಲಯ ಇವತ್ತಿನ ಕಾಲಿಗೆ ಹೊಂದುವುದಿಲ್ಲ. ಕೆಲವು ತಿಂಗಳು ಫಲಿತಾಂಶ ಇಳಿಯುವುದು ಸಹಜ. ಅಷ್ಟರಲ್ಲಿ ದಪ್ಪಗಾದೆ ಎನ್ನುವವರು ಒಬ್ಬರು, ಮನಸ್ಸು ಓದಿನ ಮೇಲಿಡು ಎನ್ನುವವರು ಇನ್ನೊಬ್ಬರು. ಗುರುತನ್ನು ಒಂದೂವರೆ ಪಾದ ಹಿಂದಕ್ಕೆ ಸರಿಸಿದರೆ ಸರಿಹೋಗುವ ಕಷ್ಟಕ್ಕೆ ಹುಡುಗಿ ತನ್ನನ್ನೇ ಬೈದುಕೊಂಡು ಮನೆ ಸೇರುತ್ತಾಳೆ. ಇದು ನನಗೆ ತಡೆಯಲಾರದ ಸಂಕಟ.

ಗುರುತು ಹಿಂದಕ್ಕೆ ಸರಿಯಿತು. ಆವತ್ತು ಅವಳು ಬಾರ್ ಇಡಿಸಿಕೊಂಡದ್ದು 1.30ಕ್ಕೆ, ಹಾರಿದಳು. 1.35, ಹಾರಿದಳು. ಇನ್ನೂ ಹಾರುತ್ತೇನೆ ಎನ್ನುವಾಗಲೇ ಕೋಚ್ ಸಾಕು ಎಂದು ಬಾರ್ ಇಳಿಸಿದರು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದದ್ದು ಸರಿಸುಮಾರು ಈ ಕೋಚ್ ಮಾಡುತ್ತಿದ್ದುದನ್ನೇ. ಒಂದು ಕೆಲಸ ನನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ, ಅದನ್ನು ನಾನೇ ಮಾಡಿ ಮುಗಿಸಿದ ಅನುಭವ. ನನ್ನಂಥವರು ಮಾಡಿದ್ದನ್ನು ಕಣ್ಣಾರೆ ಕಂಡದ್ದು ಅದರ ನಂತರ. ಬೇರೆಯವರು ‘ನಿನ್ನಿಂದಾಗುತ್ತೆ’ ಎಂದು ಹೇಳುವ ಮಾತಿಗೂ ಬೆಲೆಯಿದೆ, ಆದರೆ ಒಂದು ಸೋಲಿಗೇ ಆ ಮಾತು ಕರಗಿಹೋಗಬಹುದು. ನಾವು ಮಾತ್ರ ನಮ್ಮ ಮಕ್ಕಳಿಗೆ ಧಾರಾಳವಾಗಿ ಕೊಡುವುದು ಈ ಮಾತನ್ನೇ. ‘ನಿನ್ನಂಥವಳು ಜಿಲ್ಲೆಯಲ್ಲೇ ಇಲ್ಲ’ ಎಂಬ ಹೊಗಳಿಕೆ ಕೂಟದ ದಿನ ಹೆಗಲ ಮೇಲೆ ಕೂರುತ್ತದೆ. ‘ಕೊನೆಯ ಹೆಜ್ಜೆ ಸರಿಯಿತ್ತು’ ಎಂಬ ಮಾತು ಕಾಲಿಗೆ ಇಳಿಯುತ್ತದೆ. ನಂಬಿಕೆ ದಿನಾ ಸೇದಿದ ಬಾವಿಗೆ ನೀರು ಊರುವಂತೆ ಊರಬೇಕು. ಅದನ್ನು ಹೊರಗಿನಿಂದ ತಂದು ತುಂಬಿಸಲಾಗುವುದಿಲ್ಲ.

ತಮ್ಮಂಥವರನ್ನು ನೋಡುವ ವಿಷಯಕ್ಕೆ ಬಂದರೆ ಕರ್ನಾಟಕದ ಜಿಗಿತಗಾರರು ಬಡವರಲ್ಲ. ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹಾರಿ, ಕೇರಳದ ಬಾಬಿ ಅಲೋಷಿಯಸ್ ಹೆಸರಲ್ಲಿದ್ದ 1.91ರ ರಾಷ್ಟ್ರೀಯ ದಾಖಲೆ ಮುರಿದು ಲಂಡನ್ ಒಲಿಂಪಿಕ್ಸ್‌ಗೆ ಹೋದವರು. ಎಂಟು ವರ್ಷ ಹಳೆಯ ದಾಖಲೆಗೂ ಹೊಸದಕ್ಕೂ ನಡುವೆ ಇದ್ದದ್ದು ಒಂದೇ ಒಂದು ಸೆಂಟಿಮೀಟರ್. ಅದೇ ವರ್ಷ ಅದೇ ಊರಿನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್, ಊನವಿದ್ದ ಎಡಗಾಲಿನೊಂದಿಗೆ 1.74 ಮೀಟರ್ ಹಾರಿ ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಪದಕ ಅದೊಂದೇ. ಚಿನ್ನ ಗೆದ್ದ ಫಿಜಿಯ ಇಲಿಯೇಸ ಡೆಲಾನ ಹಾರಿದ್ದೂ 1.74, ಕಂಚು ಗೆದ್ದ ಪೋಲೆಂಡಿನವನೂ ಅಷ್ಟೇ. ಯಾರು ಎಲ್ಲಿ ಎಷ್ಟು ಸಲ ಕೆಡವಿದ್ದರು ಎಂಬ ಲೆಕ್ಕದಲ್ಲಿ ಪದಕಗಳ ಬಣ್ಣ ತೀರ್ಮಾನವಾಯಿತು. ಗಿರೀಶ್ ಹೆಸರು ಹೇಳಿದಾಗ ಹುಡುಗಿ, “ನಮ್ಮ ಜಿಲ್ಲೆಯೋರು ಸರ್,” ಎಂದಳು. ಹಾಗೆಂದಾಗ ಅವಳ ಕತ್ತು ನೆಟ್ಟಗಾದದ್ದನ್ನು ನಾನು ನೋಡಿದೆ.

ಇದೇ ಕಂಠೀರವದಲ್ಲಿ 2025ರ ಜುಲೈ 5ರಂದು ನೀರಜ್ ಚೋಪ್ರಾ ತಮ್ಮ ಹೆಸರಿನದೇ ಜಾವೆಲಿನ್ ಕೂಟದಲ್ಲಿ ಸ್ಪರ್ಧಿಸಿದರು. ಊರೆಲ್ಲ ನೋಡಲು ಬಂದಿದ್ದಾಗ ಅವರ ಮೊದಲ ಎಸೆತ ಫೌಲ್ ಆಯಿತು. ಮೂರನೆಯದರಲ್ಲಿ 86.18 ಮೀಟರ್ ಎಸೆದು ಗೆದ್ದರು. ಕೋಚ್ ತಮ್ಮ ಮಕ್ಕಳಿಗೆ ಗೆಲುವಿಗಿಂತ ಹೆಚ್ಚಾಗಿ ಹೇಳುವುದು ಆ ಫೌಲ್ ಆದ ಮೇಲಿನ ನಡಿಗೆಯನ್ನು. ಒಲಿಂಪಿಕ್ ಚಿನ್ನ ಇದ್ದವನಿಗೂ ಮೊದಲನೆಯದು ಕೈಕೊಟ್ಟೀತು, ಅವನೂ ವಾಪಸು ಹೋಗಿ ಸಾಲಿನಲ್ಲಿ ತನ್ನ ಸರದಿಗೆ ಕಾಯುತ್ತಾನೆ ಎಂದು.

ಈ ಕಾಯುವುದಿದೆಯಲ್ಲ, ಎತ್ತರ ಜಿಗಿತದಲ್ಲಿ ಹಾರುವುದಕ್ಕಿಂತ ಅದೇ ಹೆಚ್ಚು. ಹಾರಲು ಕೆಲವೇ ಸೆಕೆಂಡು, ಕೂತಿರುವುದು ಗಂಟೆಗಟ್ಟಲೆ. ಪಕ್ಕದವಳು ಹಾರುತ್ತಾಳೆ, ಚಪ್ಪಾಳೆ ಬೀಳುತ್ತದೆ, ಕಾಲು ತಣ್ಣಗಾಗುತ್ತದೆ, ತಲೆ ಬಿಸಿಯಾಗುತ್ತದೆ. ಉಕ್ರೇನಿನ ಯಾರೊಸ್ಲಾವಾ ಮಹುಚಿಖ್ ಜಿಗಿತಗಳ ನಡುವೆ ಮೈದಾನದಲ್ಲೇ ಸ್ಲೀಪಿಂಗ್ ಬ್ಯಾಗ್ ಹಾಸಿಕೊಂಡು ಮಲಗುತ್ತಾರೆ. ಅದೇ ಮಹುಚಿಖ್ 2024ರ ಜುಲೈನಲ್ಲಿ 2.10 ಮೀಟರ್ ಹಾರಿ, 1987ರಿಂದ ಯಾರೂ ಮುಟ್ಟದಿದ್ದ ವಿಶ್ವದಾಖಲೆ ಮುರಿದರು. ಮುಂದಿನ ತಿಂಗಳೇ ಒಲಿಂಪಿಕ್ ಚಿನ್ನ. ಟೋಕಿಯೊದಲ್ಲಿ 2.02 ಹಾರಿ ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ನಿಕೋಲಾ ಮೆಕ್‌ಡರ್ಮಟ್ ಪ್ರತಿ ಜಿಗಿತದ ನಂತರ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ಓಟಕ್ಕೆಷ್ಟು, ಟೇಕಾಫ್‌ಗೆಷ್ಟು ಎಂದು ತಮಗೆ ತಾವೇ ಅಂಕ ಕೊಟ್ಟುಕೊಳ್ಳುತ್ತಾರೆ. ಒಬ್ಬರು ಕಣ್ಣು ಮುಚ್ಚಿ ಬೇರೆಯವರ ಜಿಗಿತದಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ, ಇನ್ನೊಬ್ಬರು ಪೆನ್ನು ಹಿಡಿದು. ತಂಬೇರಿ ಇನ್ನೂ ಬೇರೆ ಬಗೆ. 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿದ್ದಾಗ ಮೊನಾಕೊದಲ್ಲಿ ಪಾದದ ಕೀಲಿಗೆ ಪೆಟ್ಟು ಮಾಡಿಕೊಂಡವರು, ಆಗ ಕಾಲಿಗೆ ಹಾಕಿದ್ದ ಪ್ಲಾಸ್ಟರನ್ನು ಜೋಪಾನ ಮಾಡಿ ಟೋಕಿಯೊದ ಮೈದಾನಕ್ಕೇ ತಂದಿದ್ದರು.

ನಮ್ಮ ಹುಡುಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡಳು. ಮೊದಲ ಪುಟಗಳಲ್ಲಿ ಬರೀ ಎತ್ತರಗಳಿದ್ದವು. ಕೋಚ್ ಅದನ್ನು ನೋಡಿ, “ಎತ್ತರ ನಾನೂ ಬರ್ಕೋತೀನಿ. ನೀನು ನನಗೆ ಕಾಣದ್ದು ಬರಿ,” ಎಂದರಂತೆ. ಆಮೇಲಿನ ಪುಟಗಳಲ್ಲಿ ಹೀಗಿತ್ತು: ‘ತಿರುವಿನಲ್ಲಿ ಬಾರ್ ನೋಡಿದೆ, ನೋಡಬಾರದಿತ್ತು.’ ‘ಎದೆ ಹೊಡ್ಕೋತಿತ್ತು, ಆದರೂ ಹಾರಿದೆ.’ ಈ ಎರಡನೆಯ ಸಾಲಿನ ಮುಂದೆ ಕೋಚ್ ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದರು. ಎದೆ ಹೊಡೆದುಕೊಳ್ಳುವುದು ಭಯಕ್ಕೂ ಹೌದು, ಮೈ ಸಿದ್ಧವಾಗಿರುವುದಕ್ಕೂ ಹೌದು. ಅದಕ್ಕೆ ಯಾವ ಹೆಸರಿಡುತ್ತೇವೆ ಎಂಬುದರ ಮೇಲೆ ಮುಂದಿನ ಹೆಜ್ಜೆ ನಿಂತಿರುತ್ತದೆ. ಬಂಡೂರ ಹೇಳಿದ ನಾಲ್ಕನೆಯ ಆಧಾರವೂ ಇದೇ.

ಮಳೆಗಾಲ ಮುಗಿದ ಮೇಲೆ ರಾಜ್ಯ ಮಟ್ಟದ ಕಿರಿಯರ ಕೂಟ. ಗ್ಯಾಲರಿಯ ಒಂದು ಮೂಲೆಯಲ್ಲಿ ಅಪ್ಪ ಅಮ್ಮಂದಿರು, ಬುತ್ತಿಯ ಚೀಲಗಳು, ಗ್ಲೂಕೋಸ್ ಬಾಟಲಿಗಳು, ಧ್ವನಿವರ್ಧಕದಲ್ಲಿ ಎದೆ ಸಂಖ್ಯೆ ಕೂಗುವ ದನಿ. ಎತ್ತರ ಜಿಗಿತದ ಕಂಬದ ಪಕ್ಕ ಕುರ್ಚಿಯಲ್ಲಿ ಕೂತ ತೀರ್ಪುಗಾರರ ಕೈಯಲ್ಲಿ ಎರಡು ಬಾವುಟ, ಬಿಳಿ ಮತ್ತು ಕೆಂಪು. ಹೆಸರು ಕರೆದ ಮೇಲೆ ಒಂದು ನಿಮಿಷದಲ್ಲಿ ಓಟ ಶುರುವಾಗಬೇಕು. ಹುಡುಗಿ ಎರಡು ತುಂಡು ಟೇಪ್ ಅಂಟಿಸಿ ಗುರುತು ಮಾಡಿಕೊಂಡಳು. ಈ ಸಲ ಶುರು 1.35ರಿಂದ. ಬಿಳಿ ಬಾವುಟ. 1.40ಕ್ಕೆ ಮೊದಲ ಸಲ ಹಿಮ್ಮಡಿ ತಾಕಿ ಬಾರ್ ಬಿತ್ತು. ಹೋದ ಸಲ ಅವಳನ್ನು ಮನೆಗೆ ಕಳಿಸಿದ್ದ ಎತ್ತರ ಅದು. ಅವಳು ಮ್ಯಾಟಿನಿಂದ ಇಳಿದು, ಬಾರ್ ಕಡೆ ತಿರುಗದೆ, ಬೆಂಚಿಗೆ ಹೋಗಿ ನೋಟ್‌ಬುಕ್ಕಿನಲ್ಲಿ ಏನೋ ಬರೆದಳು. ಎರಡನೇ ಸಲ ದಾಟಿದಳು. 1.45, ಒಂದೇ ಸಲಕ್ಕೆ.

1.50ಕ್ಕೆ ಎರಡು ಸಲ ಕೆಡವಿದಳು. ಉಳಿದದ್ದು ಒಂದೇ ಅವಕಾಶ. ಹೆಸರು ಕರೆದರು, ಗಡಿಯಾರ ಓಡತೊಡಗಿತು. ಗುರುತಿನ ಹತ್ತಿರ ನಿಂತವಳು ಓಡಲಿಲ್ಲ. ಬಗ್ಗಿ ಟೇಪನ್ನು ಒಮ್ಮೆ ಬೆರಳಿನಿಂದ ಒತ್ತಿದಳು. ಎಡಗಾಲನ್ನು ಅದಕ್ಕೆ ತಾಕಿಸಿ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅಂಗೈಯನ್ನು ತೊಡೆಗೆ ಎರಡು ಸಲ ಬಡಿದುಕೊಂಡಳು. ಗ್ಯಾಲರಿಯಲ್ಲಿ ಅವಳ ಹಾಸ್ಟೆಲಿನ ಹುಡುಗಿಯರು ಕೂಗುವುದನ್ನು ನಿಲ್ಲಿಸಿದ್ದರು. ಬೇಲಿಯ ಆಚೆ ನಿಂತ ಕೋಚ್ ಕೂಡ ಕೈಕಟ್ಟಿ ಸುಮ್ಮನಿದ್ದರು. ಆ ಹೊತ್ತಿನಲ್ಲಿ ಹೇಳಬೇಕಾದ ಮಾತು ಯಾವುದೂ ಉಳಿದಿರಲಿಲ್ಲ. ಅವಳು ಓಡಿದಳು. ತಿರುವಿನಲ್ಲಿ ಮೈ ವಾಲಿತು, ಕೊನೆಯ ಮೂರು ಹೆಜ್ಜೆ ಟಕಟಕನೆ ಬಿತ್ತು, ಬೆನ್ನು ಬಾರಿನ ಮೇಲೆ ಬಾಗಿತು. ಬಾರ್ ಒಂದಿಷ್ಟು ನಡುಗಿತು, ನಿಂತಿತು. ಬಿಳಿ ಬಾವುಟ. 1.53, ಮೊದಲ ಪ್ರಯತ್ನದಲ್ಲೇ. ಅವಳು ಇದುವರೆಗೆ ಹಾರಿದ ಅತಿ ಹೆಚ್ಚಿನ ಎತ್ತರ. 1.56ಕ್ಕೆ ಮೂರೂ ಸಲ ಬಿತ್ತು.

ನಾಲ್ಕನೆಯ ಸ್ಥಾನ. ಮೂರನೆಯವಳು ಹಾರಿದ್ದೂ 1.53. 1.50ರಲ್ಲಿ ಕೆಡವಿದ ಆ ಎರಡು ಸಲದ ಲೆಕ್ಕದಲ್ಲಿ ಕಂಚು ಕೈತಪ್ಪಿತ್ತು. ತೀರ್ಪುಗಾರರ ಮೇಜಿನ ಹತ್ತಿರ ಕೋಚ್ ಅವಳಿಗೆ ಹಾಳೆ ತೋರಿಸುತ್ತಿದ್ದರು. ಸೊನ್ನೆ ಎಂದರೆ ದಾಟಿದ್ದು, ಇಂಟು ಎಂದರೆ ಕೆಡವಿದ್ದು. ಹಾಳೆಯಲ್ಲಿ ಹತ್ತು ಹುಡುಗಿಯರ ಹೆಸರಿತ್ತು. ಮೊದಲ ಸ್ಥಾನದವಳ ಸಾಲು ಸೇರಿ ಹತ್ತೂ ಸಾಲುಗಳು ಮೂರು ಇಂಟು ಗುರುತಿನಲ್ಲೇ ಮುಗಿದಿದ್ದವು.

“ಗಿರೀಶಣ್ಣನಿಗೂ ಹಿಂಗೇ ಆಗಿದ್ದಲ್ವಾ ಸರ್? ಅಷ್ಟೇ ಎತ್ತರ, ಆದ್ರೆ ಲೆಕ್ಕದಲ್ಲಿ ಹೋಯ್ತು,” ಎಂದಳು.

“ಹ್ಞೂಂ. ಅವರದ್ದು ಚಿನ್ನ ಹೋಯ್ತು, ನಿಂದು ಕಂಚು. 1.50ಕ್ಕೆ ಮೊದಲನೇ ಸಲ ಏನಾಯ್ತು? ಬರೆದಿದ್ದೀಯಾ?”

“ಬರ್ದಿದ್ದೀನಿ ಸರ್. ತಿರುವಲ್ಲಿ ಮತ್ತೆ ಬಾರ್ ನೋಡ್ಬಿಟ್ಟೆ.”

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಹುಡುಗಿಯರ 4×400 ರಿಲೇಗೆ ಕರೆದರು. ಅವಳ ರೂಮಿನವಳು ಕೊನೆಯ ಸುತ್ತು ಓಡುವವಳು. ಹುಡುಗಿ ನೋಟ್‌ಬುಕ್ಕನ್ನು ಕೋಚ್ ಕೈಗೆ ತುರುಕಿ, ಸ್ಪೈಕ್ಸ್ ಬಿಚ್ಚಿ, ಬರಿಗಾಲಲ್ಲೇ ಬೇಲಿಯ ಹತ್ತಿರ ಓಡಿ, ರೂಮಿನವಳ ಹೆಸರು ಹಿಡಿದು ಗಂಟಲು ಕಿತ್ತುಹೋಗುವ ಹಾಗೆ ಕೂಗತೊಡಗಿದಳು.